ಸಾವಿರ ಆಂಟೆನಾಗಳ ಜತನ

ಗದಗ ಬಳಿಯ ಲಕ್ಕುಂಡಿಯ ಕಾಶಿವಿಶ್ವೇಶ್ವರ ಗುಡಿಗೆ ಬಂದವರು ಬಾಗಿಲುವಾಡದ ಕೆತ್ತನೆಯ ಮುಂದೆ ನಿಂತರೆ ಹೊತ್ತು ಹೋದದ್ದೇ ತಿಳಿಯುವುದಿಲ್ಲ. ಹಿಂದಿರುಗಿ ನೋಡಿದರೆ ಶಿವನಿಗೆ ಎದುರಾಗಿ ಪಶ್ಚಿಮಕ್ಕೆ ಮುಖ ಮಾಡಿದ ಇನ್ನೊಂದು ಚಿಕ್ಕ ಗುಡಿ ಇದೆ. ಅದು ಸೂರ್ಯನದು. ಸಾವಿರ ವರ್ಷದ ಹಿಂದೆ ಈ ಊರಿನಲ್ಲಿ ಗುಡಿ, ಬಸದಿ, ಬಾವಿ ಕಟ್ಟಿಸಿದವರು ಕಟ್ಟಿಸಿದ ಮೇಲೆ ಏನು ಎಂಬುದನ್ನೂ ಯೋಚಿಸುತ್ತಿದ್ದರು. ಕಲ್ಯಾಣ ಚಾಲುಕ್ಯರ ಕಾಲದ ದಾನಶಾಸನಗಳನ್ನು ಓದುತ್ತ ಹೋದರೆ ಒಂದು ಮಾತು ಮತ್ತೆ ಮತ್ತೆ ಎದುರಾಗುತ್ತದೆ: ಖಂಡಸ್ಫುಟಿತ ಜೀರ್ಣೋದ್ಧಾರ. ಒಡೆದದ್ದು, ಬಿರಿದದ್ದು, ಹಳತಾದದ್ದು ಮುಂದೆ ಬಂದೇ ಬರುತ್ತದೆಂದು ತಿಳಿದು, ಅದರ ರಿಪೇರಿಗೆಂದೇ ಭೂಮಿ ಬಿಟ್ಟುಕೊಡುತ್ತಿದ್ದ ಕಾಲ ಅದು. 1007ರಲ್ಲಿ ಇಲ್ಲಿ ಬ್ರಹ್ಮ ಜಿನಾಲಯ ಕಟ್ಟಿಸಿದ ದಾನಚಿಂತಾಮಣಿ ಅತ್ತಿಮಬ್ಬೆ, ಪೊನ್ನನ ಶಾಂತಿಪುರಾಣಕ್ಕೆ ಸಾವಿರ ಪ್ರತಿ ಬರೆಸಿ ಹಂಚಿದವಳು. ಓಲೆಗರಿ ಹುಳಕ್ಕೆ ಆಹಾರವಾಗುತ್ತದೆ, ಪ್ರತಿ ಮಾಡುತ್ತಿದ್ದರೆ ಮಾತ್ರ ಕಾವ್ಯ ಉಳಿಯುತ್ತದೆ ಎಂಬುದು ಆಕೆಗೆ ಗೊತ್ತಿತ್ತು.

ಈ ಜೀರ್ಣೋದ್ಧಾರದ ಮಾತನ್ನು ಇಂದಿನ ವಿಜ್ಞಾನಕ್ಕೆ ಹಚ್ಚಿ ನೋಡಬೇಕೆನಿಸಿದಾಗ ನನಗೆ ನೆನಪಾಗುವುದು ನಮ್ಮ ರಾಜ್ಯದ್ದೇ ಒಂದು ವೀಕ್ಷಣಾಲಯ. ಅಲ್ಲಿಯೂ ಸೂರ್ಯನಿಗೆ ಎದುರಾಗಿ ನಿಂತ ಸಾಲುಗಳಿವೆ. ಅದು ಚಿಕ್ಕಬಳ್ಳಾಪುರ ಜಿಲ್ಲೆಯ ಗೌರಿಬಿದನೂರು ರೇಡಿಯೋ ವೀಕ್ಷಣಾಲಯ.

ಗುಮ್ಮಟವಿಲ್ಲದ ದೂರದರ್ಶಕ

ದೂರದರ್ಶಕ ಎಂದರೆ ಗುಮ್ಮಟ, ಅದರೊಳಗೊಂದು ದೊಡ್ಡ ಕನ್ನಡಿ ಎಂದು ನಮ್ಮ ಕಲ್ಪನೆ. ರೇಡಿಯೋ ಎಂದು ಸೇರಿಸಿದರೆ ಬೋಗುಣಿಯಾಕಾರದ ಭಾರಿ ಡಿಶ್ ಕಣ್ಣಿಗೆ ಬರುತ್ತದೆ. ಗೌರಿಬಿದನೂರಿನಲ್ಲಿ ಎರಡೂ ಇಲ್ಲ. ಬೆಂಗಳೂರಿನಿಂದ ಉತ್ತರಕ್ಕೆ ಸುಮಾರು 100 ಕಿಲೋಮೀಟರ್ ದೂರದಲ್ಲಿ, ಬಯಲಿನಲ್ಲಿ ಕಂಬಗಳು, ಕಂಬಗಳ ಮೇಲೆ ತಂತಿಗಳು. ದ್ರಾಕ್ಷಿ ತೋಟದ ಚಪ್ಪರಕ್ಕೆ ಸಿದ್ಧ ಮಾಡಿಟ್ಟಂಥ ನೋಟ.

ಭಾರತೀಯ ಖಭೌತ ಸಂಸ್ಥೆ ಮತ್ತು ರಾಮನ್ ಸಂಶೋಧನಾ ಸಂಸ್ಥೆ ಒಟ್ಟಾಗಿ 1976ರಿಂದ ಈ ಕೇಂದ್ರವನ್ನು ನಡೆಸುತ್ತ ಬಂದಿವೆ. ಸರ್ ಸಿ.ವಿ. ರಾಮನ್ ಅವರ ಮಗ, ರೇಡಿಯೋ ಖಗೋಳಜ್ಞ ವಿ. ರಾಧಾಕೃಷ್ಣನ್ ಆಗ ರಾಮನ್ ಸಂಸ್ಥೆಯ ನಿರ್ದೇಶಕರಾಗಿದ್ದರು. ಖಭೌತ ಸಂಸ್ಥೆಯ ಕಡೆಯಿಂದ ಈ ಕೆಲಸಕ್ಕೆ ಹೆಗಲು ಕೊಟ್ಟವರಲ್ಲಿ ಸಿ.ಎಚ್.ವಿ. ಶಾಸ್ತ್ರಿ ಮುಖ್ಯರು.

ಇಲ್ಲಿ ಮೊದಲು ಎದ್ದ ದೂರದರ್ಶಕದಲ್ಲಿ 1,000 ಡೈಪೋಲ್‌ಗಳು. ಡೈಪೋಲ್ ಎಂದರೆ ಆಂಟೆನಾಗಳಲ್ಲೇ ಅತಿ ಸರಳವಾದದ್ದು, ನಡುವೆ ಕತ್ತರಿಸಿದ ಒಂದು ತಂತಿ ಎನ್ನಬಹುದು. ಇವನ್ನು ಇಂಗ್ಲಿಷಿನ ಟಿ ಅಕ್ಷರದ ಹಾಗೆ ಹಾಸಿದ್ದಾರೆ. ಪೂರ್ವ-ಪಶ್ಚಿಮದ ತೋಳು ಸುಮಾರು 1.4 ಕಿಲೋಮೀಟರ್, ದಕ್ಷಿಣಕ್ಕೆ ಚಾಚಿದ್ದು ಸುಮಾರು 450 ಮೀಟರ್. ಇದು ಹಿಡಿಯುವುದು 34.5 ಮೆಗಾಹರ್ಟ್ಸ್ ಅಲೆಗಳನ್ನು. ಈ ಅಲೆಯ ಒಂದು ಏರಿಳಿತದ ಉದ್ದವೇ 8.7 ಮೀಟರ್. ಇಷ್ಟು ಉದ್ದದ ಅಲೆಯಲ್ಲಿ ಆಕಾಶದ ವಿವರ ಕಾಣಬೇಕಾದರೆ ಕಿಲೋಮೀಟರ್‌ಗಟ್ಟಲೆ ಅಗಲದ ಡಿಶ್ ಬೇಕಾಗುತ್ತದೆ. ಅಂಥದನ್ನು ಕಟ್ಟಿ ತಿರುಗಿಸುವುದು ಆಗದ ಮಾತು.

ಅದಕ್ಕೊಂದು ಜಾಣ ಉಪಾಯವಿದೆ. ಪೂರ್ವ-ಪಶ್ಚಿಮದ ತೋಳಿಗೆ ಆಕಾಶದಲ್ಲಿ ಉತ್ತರದಿಂದ ದಕ್ಷಿಣಕ್ಕೆ ಹರಿದ ಒಂದು ತೆಳು ಪಟ್ಟಿ ಕಾಣುತ್ತದೆ. ದಕ್ಷಿಣದ ತೋಳಿಗೆ ಪೂರ್ವದಿಂದ ಪಶ್ಚಿಮಕ್ಕೆ ಹರಿದ ಪಟ್ಟಿ. ಎರಡು ತೋಳುಗಳ ಸಂಕೇತಗಳನ್ನು ಗುಣಿಸಿದರೆ ಪಟ್ಟಿಗಳು ಒಂದನ್ನೊಂದು ದಾಟುವ ತಾಣ ಮಾತ್ರ ಉಳಿಯುತ್ತದೆ. ಆ ತಾಣದ ಅಗಲ ಹುಣ್ಣಿಮೆ ಚಂದ್ರನ ಅಗಲಕ್ಕೆ ಹತ್ತಿರ. ಬೇರೆ ದಿಕ್ಕು ನೋಡಬೇಕೆಂದರೆ ಆಂಟೆನಾ ಅಲುಗಾಡಿಸಬೇಕಿಲ್ಲ. ಸಾಲಿನ ಒಂದು ತುದಿಯ ಸಂಕೇತವನ್ನು ಇನ್ನೊಂದು ತುದಿಗಿಂತ ಕ್ಷಣದ ಒಂದು ಕಣದಷ್ಟು ತಡವಾಗಿ ಕೂಡಿಸಿದರೆ ಸಾಕು, ದೃಷ್ಟಿ ಆ ಕಡೆ ವಾಲುತ್ತದೆ. ಉಳಿದದ್ದನ್ನು ಭೂಮಿಯೇ ತಿರುಗಿ ಮಾಡಿಕೊಡುತ್ತದೆ.

ತಂತಿಗೆ ಸಿಕ್ಕಿದ್ದು

ಅಮೆರಿಕದ ಎಂಜಿನಿಯರ್ ಕಾರ್ಲ್ ಜಾನ್ಸ್ಕಿ ರೇಡಿಯೋ ಟೆಲಿಫೋನಿನ ಗೊರಗೊರ ಸದ್ದು ಎಲ್ಲಿಂದ ಬರುತ್ತದೆಂದು ಹುಡುಕುತ್ತ ಹೋಗಿ, ಅದರಲ್ಲೊಂದು ಭಾಗ ಆಕಾಶಗಂಗೆಯದೇ ಎಂದು 1933ರಲ್ಲಿ ಸಾರಿದ. ರೇಡಿಯೋ ಖಗೋಳ ವಿಜ್ಞಾನ ಹುಟ್ಟಿದ್ದು ಹಾಗೆ. ಆತ ಕೇಳಿದ್ದೂ ಇಂಥ ಉದ್ದನೆಯ ಅಲೆಗಳನ್ನೇ. ಆಮೇಲಿನವರು ಹೆಚ್ಚಾಗಿ ಗಿಡ್ಡ ಅಲೆಗಳ ಕಡೆ ಹೋದರು. ಉದ್ದನೆಯ ಅಲೆ ವಾತಾವರಣದ ಮೇಲಿನ ಅಯಾನುಗೋಳದಲ್ಲಿ ಬಾಗುತ್ತದೆ, ನಡುಗುತ್ತದೆ. ಆ ಕಷ್ಟದ ದಾರಿಯನ್ನೇ ಗೌರಿಬಿದನೂರು ಹಿಡಿಯಿತು.

ಅದರ ಫಲವಾಗಿ ಕೆ.ಎಸ್. ದ್ವಾರಕಾನಾಥ್ ಮತ್ತು ಎನ್. ಉದಯಶಂಕರ್ 1990ರಲ್ಲಿ 34.5 ಮೆಗಾಹರ್ಟ್ಸ್‌ನ ಆಕಾಶ ನಕ್ಷೆಯನ್ನು ಪ್ರಕಟಿಸಿದರು. ದಕ್ಷಿಣದ 50 ಡಿಗ್ರಿಯಿಂದ ಉತ್ತರದ 70 ಡಿಗ್ರಿವರೆಗಿನ ಆಕಾಶ ಅದರಲ್ಲಿದೆ. ಇದೇ ಅನುಭವ ಸಾಗರ ದಾಟಿ ಮಾರಿಷಸ್‌ಗೂ ಹೋಯಿತು. ಅಲ್ಲಿನ ವಿಶ್ವವಿದ್ಯಾಲಯದ ಜೊತೆ ಈ ಎರಡು ಸಂಸ್ಥೆಗಳು ಸೇರಿ 1,024ಕ್ಕೂ ಹೆಚ್ಚು ಸುರುಳಿ ಆಂಟೆನಾಗಳ ಇನ್ನೊಂದು ಟಿ ದೂರದರ್ಶಕ ಕಟ್ಟಿದವು.

ಪಲ್ಸಾರ್‌ಗಳ ಕಥೆ ಇನ್ನೂ ಸೊಗಸು. ಸತ್ತ ನಕ್ಷತ್ರದ ತಿರುಳು ಗಿರಗಿರ ತಿರುಗುತ್ತ ಮಿಡಿತ ಕಳಿಸುತ್ತದೆ. ಬಿ0943+10 ಎಂಬ ಪಲ್ಸಾರಿನ ಧ್ರುವದ ಮೇಲೆ 20 ಕಿರಣಗಳು ಜಾತ್ರೆಯ ತೊಟ್ಟಿಲಿನಂತೆ ಸುತ್ತುತ್ತಿವೆ ಎಂದು ಅವಿನಾಶ್ ದೇಶಪಾಂಡೆ ಮತ್ತು ಜೋವಾನ ರ‍್ಯಾಂಕಿನ್ ಅರೆಸಿಬೊ ದೂರದರ್ಶಕದ ದತ್ತಾಂಶದಿಂದ ಹೇಳಿದ್ದರು. ಗೌರಿಬಿದನೂರಿನ 35 ಮೆಗಾಹರ್ಟ್ಸ್ ವೀಕ್ಷಣೆಯೂ 2001ರಲ್ಲಿ ಅದೇ ಚಿತ್ರ ಕೊಟ್ಟಿತು. ಇನ್ನೊಂದು ಪಲ್ಸಾರ್, ಜೆ1732-3131. ಇದನ್ನು ಗಾಮಾ ಕಿರಣಗಳಲ್ಲಿ ಕಂಡದ್ದು 2008ರಲ್ಲಿ ಹಾರಿದ ಫರ್ಮಿ ಉಪಗ್ರಹ. ರೇಡಿಯೋದಲ್ಲಿ ಅದು ಮೂಕ ಎಂದೇ ತಿಳಿದಿದ್ದರು. ಗೌರಿಬಿದನೂರಿನವರು ಫರ್ಮಿ ಹಾರುವುದಕ್ಕೂ ಮುಂಚೆ ದಾಖಲಿಸಿಟ್ಟಿದ್ದ ತಮ್ಮ ಹಳೆಯ ದತ್ತಾಂಶವನ್ನು ಸೋಸಿದಾಗ ಅದರ ಮಿಡಿತದ ಸುಳಿವು ಸಿಕ್ಕಿತು. 2012ರಲ್ಲಿ ಅದು ಪ್ರಕಟವಾಯಿತು. ಅಂದು ಯಂತ್ರವನ್ನು ಸುಸ್ಥಿತಿಯಲ್ಲಿಟ್ಟು ಸಂಕೇತ ಬರೆದಿಟ್ಟವರಿಗೆ ಅದು ಯಾವ ಕೆಲಸಕ್ಕೆ ಬಂದೀತೆಂದು ಗೊತ್ತಿರುವುದು ಸಾಧ್ಯವಿರಲಿಲ್ಲ.

ಸೂರ್ಯನ ದಿನಚರಿ

1997ರಲ್ಲಿ ಇಲ್ಲಿಯೇ ರೇಡಿಯೋಹೀಲಿಯೋಗ್ರಾಫ್ ಕೆಲಸ ಆರಂಭಿಸಿತು. ಸೂರ್ಯನ ಚಿತ್ರವನ್ನು ರೇಡಿಯೋ ಅಲೆಗಳಲ್ಲಿ ತೆಗೆಯುವ ಸಾಧನ ಇದು. ಆರಂಭದಲ್ಲಿ 192 ಆಂಟೆನಾಗಳು. ಒಂದೊಂದರಲ್ಲೂ ಉದ್ದದಿಂದ ಗಿಡ್ಡಕ್ಕೆ ಕ್ರಮವಾಗಿ ಜೋಡಿಸಿದ ಅಡ್ಡಕಡ್ಡಿಗಳು. ಮಾಳಿಗೆ ಮೇಲಿನ ಹಳೆಯ ಟಿವಿ ಆಂಟೆನಾ ನೆನಪಿರುವವರಿಗೆ ಇದರ ಆಕಾರ ಹೊಸದೆನಿಸದು. ಉದ್ದ ಕಡ್ಡಿ ಉದ್ದ ಅಲೆಗೆ, ಗಿಡ್ಡ ಕಡ್ಡಿ ಗಿಡ್ಡ ಅಲೆಗೆ ಸ್ಪಂದಿಸುತ್ತದೆ.

ಸೂರ್ಯನ ಮೇಲ್ಮೈ ಸುಮಾರು 5,500 ಡಿಗ್ರಿ ಸೆಲ್ಸಿಯಸ್. ಅದರ ಸುತ್ತ ಹರಡಿರುವ ಕರೋನಾ ಎಂಬ ಪ್ರಭಾವಳಿ ಹತ್ತು ಲಕ್ಷ ಡಿಗ್ರಿ ದಾಟುತ್ತದೆ. ಬರಿಗಣ್ಣಿಗೆ ಅದು ಕಾಣುವುದು ಪೂರ್ಣ ಗ್ರಹಣದ ಕೆಲವೇ ನಿಮಿಷ. ರೇಡಿಯೋ ಅಲೆಯಲ್ಲಿ ಹಾಗಲ್ಲ, ಅದು ದಿನವೂ ಕಾಣುತ್ತದೆ. ಅಲೆ ಉದ್ದವಾದಷ್ಟೂ ಅದು ಹೊರಟ ಪದರ ಮೇಲಿನದು. ಸೂರ್ಯ ನೆತ್ತಿಗೆ ಬರುವ ಹೊತ್ತಿನ ಆಚೀಚೆ ಕೆಲವು ಗಂಟೆ ಇಲ್ಲಿ ವೀಕ್ಷಣೆ ನಡೆಯುತ್ತದೆ. ಕರೋನಾದಿಂದ ಭಾರಿ ದ್ರವ್ಯರಾಶಿ ಚಿಮ್ಮಿ ಭೂಮಿಯತ್ತ ಹೊರಟರೆ ಉಪಗ್ರಹಗಳಿಗೆ, ವಿದ್ಯುತ್ ಜಾಲಕ್ಕೆ ಅಪಾಯ. ಅದು ಹೊರಡುವ ಕೆಳಪದರಗಳನ್ನು ನೋಡಲು ಈ ಸಾಧನ ನೆರವಾಗುತ್ತದೆ. 2023ರ ಸೆಪ್ಟೆಂಬರ್ 2ರಂದು ಹಾರಿದ ಆದಿತ್ಯ-ಎಲ್1ರ ಕರೋನಾ ದರ್ಶಕವನ್ನು ರೂಪಿಸಿದ್ದೂ ಇದೇ ಖಭೌತ ಸಂಸ್ಥೆ.

ಸೂರ್ಯನ ಚಟುವಟಿಕೆ ಏರಿ ಇಳಿಯಲು ಸುಮಾರು 11 ವರ್ಷ ಬೇಕು. ಒಂದು ಏರಿಳಿತವನ್ನು ಇನ್ನೊಂದರ ಜೊತೆ ತೂಗಬೇಕಾದರೆ ತಕ್ಕಡಿ ಬದಲಾಗಬಾರದು. ಅದೇ ಸಾಧನ, ಅದೇ ಅಳತೆ, ವರ್ಷದ ಮೇಲೆ ವರ್ಷ. ಇಂದಿನ ಸೂರ್ಯನನ್ನು ನಾಳೆ ನೋಡಲಾಗುವುದಿಲ್ಲ. ಇಂಥ ವೀಕ್ಷಣಾಲಯದ ಜೀವ ಇರುವುದು ಅದರ ನಿರ್ವಹಣೆಯಲ್ಲಿ ಎಂದು ನಾನು ಹೇಳುವುದು ಇದಕ್ಕಾಗಿ.

ಕಾಣದ ಕೆಲಸ

ತಿರುಗುವ ಭಾಗ ಇಲ್ಲದಿದ್ದರೆ ರಿಪೇರಿ ಏನಿರುತ್ತದೆ ಎಂದು ಕೇಳಬಹುದು. ಬಯಲಿನಲ್ಲಿ ಮಳೆ-ಬಿಸಿಲಿಗೆ ಒಡ್ಡಿದ ಸಾವಿರ ಬೆಸುಗೆಗಳು ಇರುತ್ತವೆ ಎಂಬುದೇ ಅದಕ್ಕೆ ಉತ್ತರ. ತಂತಿ ಜೋಲುತ್ತದೆ. ಕನೆಕ್ಟರ್ ಒಳಗೆ ತೇವ ಸೇರಿ ಕಿಲುಬು ಹಿಡಿಯುತ್ತದೆ. ಕೇಬಲ್ಲನ್ನು ಇಲಿ, ಅಳಿಲು ಕಡಿಯುತ್ತವೆ. ಗುಡುಗಿನ ಕಾಲದಲ್ಲಿ ಹತ್ತಿರದಲ್ಲೆಲ್ಲೋ ಸಿಡಿಲು ಬಿದ್ದರೂ ಆಂಟೆನಾ ಬುಡದ ಆಂಪ್ಲಿಫೈಯರ್ ಸುಟ್ಟುಹೋಗಬಹುದು. ಹುಲ್ಲು, ಮುಳ್ಳುಗಿಡ ಬೆಳೆದು ಸಾಲಿನೊಳಗೆ ನುಗ್ಗುತ್ತವೆ.

ಇವೆಲ್ಲಕ್ಕಿಂತ ಸೂಕ್ಷ್ಮವಾದದ್ದು ಕಾಲದ ಲೆಕ್ಕ. ಪ್ರತಿ ಆಂಟೆನಾದ ಸಂಕೇತ ಮಿಕ್ಕವುಗಳ ಜೊತೆ ಹೆಜ್ಜೆ ಕೂಡಿಸಿ ಬರಬೇಕು, ಕೋಲಾಟದ ಹಾಗೆ. 34.5 ಮೆಗಾಹರ್ಟ್ಸ್ ಅಲೆ ಸಾಧಾರಣ ಕೇಬಲ್ ಒಳಗೆ 6 ಮೀಟರಿಗಿಂತ ತುಸು ಗಿಡ್ಡವಾಗುತ್ತದೆ. ಕೇಬಲ್ ಒಂದು ಮೀಟರ್ ಹೆಚ್ಚಾದರೆ ಆ ಆಂಟೆನಾ ಅಲೆಯ ಆರನೇ ಒಂದು ಪಾಲಿನಷ್ಟು ಹಿಂದೆ ಬಿತ್ತು. ಬಿಸಿಲಿಗೆ ಕಾದರೂ ಕೇಬಲಿನ ಗುಣ ಬದಲಾಗುತ್ತದೆ. ಆದ್ದರಿಂದಲೇ ಇಂಥ ಕಡೆ ಕೇಬಲ್‌ಗಳನ್ನು ನೆಲದಲ್ಲಿ ಹೂಳುವ ರೂಢಿ. ಸರಿಯಿದೆಯೇ ಎಂದು ನೋಡಲು ಸಿಗ್ನಸ್-ಎ, ವರ್ಗೊ-ಎ, ಟಾರಸ್-ಎ ಮೊದಲಾದ ಪ್ರಬಲ ಆಕರಗಳು ಒರೆಗಲ್ಲು. ಅವುಗಳ ಜಾಗ, ಬಲ ಎರಡೂ ಗೊತ್ತಿರುವುದರಿಂದ, ಚಿತ್ರದಲ್ಲಿ ಅವು ಮಸುಕಾದರೆ ಎಲ್ಲೋ ತಪ್ಪಿದೆ ಎಂದರ್ಥ. ಆಮೇಲೆ ಸಾಲು ಸಾಲಾಗಿ ನಡೆದು, ಅಳೆದು, ಆ ತಪ್ಪನ್ನು ಹುಡುಕಬೇಕು.

ಒಂದು ಆಂಟೆನಾ ಸತ್ತರೂ ದೂರದರ್ಶಕ ನಿಲ್ಲುವುದಿಲ್ಲ. ಅಪಾಯ ಇರುವುದೂ ಅಲ್ಲಿಯೇ. ಹತ್ತು ಸತ್ತರೂ ಚಿತ್ರ ಬರುತ್ತದೆ, ನೂರು ಸತ್ತರೂ ಏನೋ ಒಂದು ಬರುತ್ತದೆ. ಬಾವಿಯಲ್ಲಿ ಹೂಳು ತುಂಬುವ ರೀತಿ ಇದು. ಲಕ್ಕುಂಡಿಯ ಕಲ್ಯಾಣಿಗಳನ್ನು ಕಂಡವರಿಗೆ ಇದನ್ನು ಬಿಡಿಸಿ ಹೇಳಬೇಕಿಲ್ಲ.

ಇನ್ನೊಂದು ಕಾಟ ಮನುಷ್ಯರದು. ಎಫ್‌ಎಂ ಕೇಂದ್ರಗಳು 88ರಿಂದ 108 ಮೆಗಾಹರ್ಟ್ಸ್ ತುಂಬಿವೆ. ಕಿಡಿ ಹಾರುವ ಮೋಟಾರು, ಬಿರುಕು ಬಿಟ್ಟ ಇನ್ಸುಲೇಟರ್, ಅಗ್ಗದ ಎಲ್‌ಇಡಿ ದೀಪ ಎಲ್ಲವೂ ರೇಡಿಯೋ ಗದ್ದಲ ಎಬ್ಬಿಸುತ್ತವೆ. ಮೌನ ಹುಡುಕಿಕೊಂಡು ರಾಮನ್ ಸಂಸ್ಥೆಯ ತಂಡ 2020ರ ಆರಂಭದಲ್ಲಿ ತನ್ನ ಸರಸ್-3 ಆಂಟೆನಾವನ್ನು ತೆಪ್ಪದ ಮೇಲಿಟ್ಟು ದಂಡಿಗಾನಹಳ್ಳಿ ಕೆರೆಯಲ್ಲೂ ಶರಾವತಿ ಹಿನ್ನೀರಿನಲ್ಲೂ ತೇಲಿಬಿಟ್ಟಿತು. ಆಂಟೆನಾದ ಕೆಳಗೆ ಪದರ ಪದರದ ಮಣ್ಣಿನ ಬದಲು ಒಂದೇ ಗುಣದ ನೀರು ಇರಲಿ ಎಂಬುದೂ ಅದರ ಉದ್ದೇಶ. ಮೊದಲ ನಕ್ಷತ್ರಗಳು ಹುಟ್ಟಿದ ಕಾಲದ ಸಂಕೇತ ಸಿಕ್ಕಿದೆ ಎಂದು ಅಮೆರಿಕದ ತಂಡ 2018ರಲ್ಲಿ ಹೇಳಿದ್ದನ್ನು ಈ ತೆಪ್ಪದ ದತ್ತಾಂಶ ಒಪ್ಪಲಿಲ್ಲ. 2022ರಲ್ಲಿ ಪ್ರಕಟವಾದ ಆ ಫಲಿತಾಂಶ ಜಗತ್ತಿನ ಗಮನ ಸೆಳೆಯಿತು.

ನಿಗಾ ತಪ್ಪಿದರೆ

ದೊಡ್ಡ ಡಿಶ್‌ಗಳಲ್ಲಿ ಲೋಪದ ಬೆಲೆ ಒಮ್ಮೆಲೇ ತೆರಬೇಕಾಗುತ್ತದೆ. ಅಮೆರಿಕದ ಗ್ರೀನ್ ಬ್ಯಾಂಕಿನ 91 ಮೀಟರ್ ಅಗಲದ ದೂರದರ್ಶಕ 1988ರ ನವೆಂಬರ್ 15ರ ರಾತ್ರಿ ಕುಸಿದುಬಿತ್ತು. ಉಕ್ಕಿನ ತೊಲೆಗಳನ್ನು ಹಿಡಿದಿಟ್ಟ ಒಂದೇ ಒಂದು ಫಲಕ ಸೋತದ್ದು ಅದಕ್ಕೆ ಕಾರಣ. ಪೋರ್ಟೊರಿಕೊದ ಅರೆಸಿಬೊ, 305 ಮೀಟರ್ ಅಗಲದ್ದು, 1963ರಿಂದ ದುಡಿದದ್ದು. 2020ರ ಆಗಸ್ಟ್ 10ರಂದು ಒಂದು ಕೇಬಲ್ ತನ್ನ ಹಿಡಿಕೆಯಿಂದ ಜಾರಿತು. ನವೆಂಬರ್ 6ರಂದು ಇನ್ನೊಂದು ತುಂಡಾಯಿತು. ಡಿಸೆಂಬರ್ 1ರಂದು ಮೇಲೆ ತೂಗುತ್ತಿದ್ದ ಭಾರವೆಲ್ಲ ಡಿಶ್ ಮೇಲೆ ಬಿತ್ತು. ಬಿ0943+10 ಪಲ್ಸಾರಿನ ತೊಟ್ಟಿಲನ್ನು ಮೊದಲು ತೋರಿಸಿದ್ದು ಅದೇ ಅರೆಸಿಬೊ.

ಆಸ್ಟ್ರೇಲಿಯಾದಲ್ಲಿ ಈಗ ಸ್ಕ್ವೇರ್ ಕಿಲೋಮೀಟರ್ ಅರೇ ಎಂಬ ಭಾರಿ ರೇಡಿಯೋ ದೂರದರ್ಶಕದ ಒಂದು ಭಾಗ ಏಳುತ್ತಿದೆ. ಕೆಳ ಆವರ್ತನದ ಆ ಭಾಗಕ್ಕೆ 1,31,072 ಆಂಟೆನಾಗಳ ಯೋಜನೆ. ಅವು ಗೌರಿಬಿದನೂರಿನ ರೇಡಿಯೋಹೀಲಿಯೋಗ್ರಾಫಿನ ಆಂಟೆನಾಗಳ ಕುಲದವೇ. ಭಾರತ ಇದರಲ್ಲಿ ಪಾಲುದಾರ, 1,250 ಕೋಟಿ ರೂಪಾಯಿಗೆ ಕೇಂದ್ರ ಒಪ್ಪಿಗೆ ಕೊಟ್ಟಿದೆ. ಅಷ್ಟು ಆಂಟೆನಾಗಳನ್ನು ಹೆಜ್ಜೆ ತಪ್ಪದಂತೆ ಇಟ್ಟುಕೊಳ್ಳುವ ವಿದ್ಯೆ ಪುಸ್ತಕದಲ್ಲಿ ಪೂರ್ತಿ ಸಿಗುವುದಿಲ್ಲ. ಸಾಲಿನ ನಡುವೆ ನಡೆದು ಕಲಿತವರ ಕೈಯಲ್ಲಿ ಅದು ಇರುತ್ತದೆ. ಗದಗ-ಬೆಟಗೇರಿಯ ಐಟಿಐಯಲ್ಲಿ, ಪಾಲಿಟೆಕ್ನಿಕ್‌ನಲ್ಲಿ ಎಲೆಕ್ಟ್ರಾನಿಕ್ಸ್ ಓದುತ್ತಿರುವ ಹುಡುಗ ಹುಡುಗಿಯರಿಗೆ ಯಾರಾದರೂ ಇದನ್ನು ಹೇಳಬೇಕು: ಖಗೋಳ ವಿಜ್ಞಾನಕ್ಕೆ ಬೆಸುಗೆ ಹಾಕಬಲ್ಲ, ಅಳೆಯಬಲ್ಲ, ತಪ್ಪು ಹುಡುಕಬಲ್ಲ ಕೈಗಳೂ ಬೇಕು.

ಓದುಗರಲ್ಲಿ ನನ್ನದೊಂದು ಕೋರಿಕೆ. ಊರಿಗೆ ಬಾವಿ ಬರಲಿ, ಶಾಲೆಗೆ ಪ್ರಯೋಗಾಲಯ ಬರಲಿ, ನಾಡಿಗೆ ದೂರದರ್ಶಕ ಬರಲಿ, ಉದ್ಘಾಟನೆಯ ದಿನವೇ ಒಂದು ಪ್ರಶ್ನೆ ಕೇಳಿ: ಖಂಡಸ್ಫುಟಿತ ಜೀರ್ಣೋದ್ಧಾರಕ್ಕೆ ಏನು ಬಿಟ್ಟಿದ್ದೀರಿ?