ಒಣಗಿದ ಕಣ್ಣು, ಒಣಗಿದ ಬಾಯಿ: ಒಂದು ಔಷಧದ ಪರೀಕ್ಷೆ

ಕಣ್ಣೀರನ್ನು ನಾವು ದುಃಖದ ಗುರುತೆಂದೇ ಎಣಿಸುವುದು ವಾಡಿಕೆ. ಕಣ್ಣೀರಿಲ್ಲದಿರುವುದೂ ಒಂದು ದುಃಖವೆಂಬುದನ್ನು ಷೋಗ್ರೆನ್ ವ್ಯಾಧಿಯಿಂದ ನರಳುವವರು ಬಲ್ಲರು. ಅವರಿಗೆ ಕಣ್ಣಿನಲ್ಲಿ ಮರಳು ಸೇರಿದಂತಾಗುವುದು. ನೀರಿನ ಸಹಾಯವಿಲ್ಲದೆ ಒಣ ತುತ್ತು ಗಂಟಲಿನಿಂದಿಳಿಯುವುದು ಕಷ್ಟ. ಇದರೊಡನೆ ಕೀಲುನೋವು, ಬಳಲಿಕೆ. ಸ್ವೀಡನ್ ದೇಶದ ನೇತ್ರವೈದ್ಯ ಹೆನ್ರಿಕ್ ಷೋಗ್ರೆನ್ 1933ರಲ್ಲಿ 19 ಮಂದಿ ಸ್ತ್ರೀಯರಲ್ಲಿ ಈ ಶುಷ್ಕತೆಯನ್ನು ಕಂಡು ವಿವರಿಸಿದನು. ಇಂದಿಗೂ ಈ ರೋಗಿಗಳಲ್ಲಿ ಹತ್ತರಲ್ಲಿ ಸುಮಾರು ಒಂಬತ್ತು ಮಂದಿ ಸ್ತ್ರೀಯರೇ.

ಇದರ ಮೂಲವು ಹೊರಗಿನ ಶತ್ರುವಲ್ಲ. ದೇಹವನ್ನು ಕಾಯಬೇಕಾದ ಬಿಳಿಯ ರಕ್ತಕಣಗಳೇ ಕಣ್ಣೀರಿನ ಮತ್ತು ಜೊಲ್ಲಿನ ಗ್ರಂಥಿಗಳನ್ನು ಮುತ್ತಿ ಕೆಡಿಸುತ್ತವೆ. ಬೇಲಿಯೇ ಎದ್ದು ಹೊಲವನ್ನು ಮೇಯ್ದಂತೆ!

ಮಲೇರಿಯಾ ಜ್ವರಕ್ಕೆ ಬಳಕೆಯಾದ ಹೈಡ್ರಾಕ್ಸಿಕ್ಲೋರೋಕ್ವಿನ್ ಎಂಬ ಔಷಧವು ಇಂತಹುದೇ ಅಂತಃಕಲಹದ ವ್ಯಾಧಿಯಾದ ಲೂಪಸ್ಸಿನಲ್ಲಿ ಗುಣಕಾರಿಯಾದುದರಿಂದ, ವೈದ್ಯರು ಇಲ್ಲಿಯೂ ಅದನ್ನು ಬಹುಕಾಲ ಕೊಡುತ್ತ ಬಂದರು. ಕೆಲವರು ಗುಣ ಕಂಡಿತೆಂದರು. ಆದರೆ ಆ ಗುಣವು ಔಷಧದ್ದೋ, ನಂಬಿಕೆಯದೋ, ತಾನಾಗಿ ಏರಿಳಿಯುವ ರೋಗದ ಸ್ವಭಾವದ್ದೋ? ಒಬ್ಬ ರೋಗಿಯನ್ನು ನೋಡಿ ಇದನ್ನು ನಿರ್ಣಯಿಸಲಾಗದು. ಉಪದ್ರವವು ಉಲ್ಬಣಿಸಿದಾಗಲೇ ನಾವು ವೈದ್ಯನಲ್ಲಿಗೆ ಹೋಗುವೆವಾದ್ದರಿಂದ, ಏನೂ ಮಾಡದಿದ್ದರೂ ಆಮೇಲೆ ಸ್ವಲ್ಪ ಇಳಿಯುವುದು ಸಹಜವಷ್ಟೆ.

ಆದಕಾರಣ ಫ್ರಾನ್ಸಿನ 15 ವಿಶ್ವವಿದ್ಯಾಲಯಗಳ ಆಸ್ಪತ್ರೆಗಳಲ್ಲಿ, 2008ರಿಂದ 2011ರವರೆಗೆ ಸೇರಿಸಿಕೊಂಡ 120 ಮಂದಿ ರೋಗಿಗಳನ್ನು ಚೀಟಿಯೆತ್ತಿದಂತೆ ಎರಡು ಪಂಗಡಗಳಾಗಿ ವಿಂಗಡಿಸಿದರು. 56 ಮಂದಿಗೆ ದಿನಕ್ಕೆ 400 ಮಿಲಿಗ್ರಾಂ ಔಷಧ. ಉಳಿದ 64 ಮಂದಿಗೆ ಔಷಧವಿಲ್ಲದ ತೋರಿಕೆಯ ಮಾತ್ರೆ. ಯಾರಿಗೆ ಯಾವುದೆಂಬುದು ರೋಗಿಗೂ ವೈದ್ಯನಿಗೂ ತಿಳಿಯದು. ಶುಷ್ಕತೆ, ನೋವು, ಬಳಲಿಕೆ ಈ ಮೂರನ್ನೂ ರೋಗಿಗಳೇ ಸೊನ್ನೆಯಿಂದ ಹತ್ತರವರೆಗಿನ ಅಂಕಗಳಲ್ಲಿ ಅಳೆದರು. 24 ವಾರಗಳಲ್ಲಿ ಇವುಗಳಲ್ಲಿ ಎರಡಾದರೂ ನೂರಕ್ಕೆ 30ರಷ್ಟು ತಗ್ಗಿದರೆ ಗುಣವೆಂದು ಮೊದಲೇ ಗೊತ್ತುಮಾಡಿದ್ದರು.

2014ರಲ್ಲಿ ಫಲವು ಪ್ರಕಟವಾಯಿತು. ಔಷಧ ಪಡೆದವರಲ್ಲಿ ಗುಣ ಕಂಡವರು ನೂರಕ್ಕೆ 17.9, ತೋರಿಕೆಯ ಮಾತ್ರೆ ನುಂಗಿದವರಲ್ಲಿ 17.2! ಎರಡನೆಯ ಪಂಗಡವೇ ಇಲ್ಲದಿದ್ದರೆ, ಆರರಲ್ಲಿ ಒಬ್ಬರಿಗೆ ಗುಣವಾಯಿತೆಂದು ನಾವು ಔಷಧವನ್ನು ಕೊಂಡಾಡುತ್ತಿದ್ದೆವು.

ರೋಗಿಗೆ ಹುಸಿ ಮಾತ್ರೆ ಕೊಡುವುದು ನ್ಯಾಯವೆ ಎಂದು ಕೇಳುಗರು ಶಂಕಿಸಬಹುದು. ಪರೀಕ್ಷೆಗೆ ಒಪ್ಪಿದವರು ಅದನ್ನರಿತೇ ಒಪ್ಪಿದವರು. 24 ವಾರಗಳ ತರುವಾಯ ಎಲ್ಲರಿಗೂ ನಿಜವಾದ ಔಷಧವನ್ನೇ ಕೊಡಲಾಯಿತು. ಪರೀಕ್ಷಿಸದೆ ಕೊಡುತ್ತಲೇ ಹೋಗುವುದು ಇದಕ್ಕಿಂತ ನ್ಯಾಯವೆ? ಈ ಔಷಧವನ್ನು ವರ್ಷಾನುಗಟ್ಟಲೆ ಸೇವಿಸಿದರೆ ಕಣ್ಣಿನ ಒಳಪೊರೆಗೆ ಹಾನಿಯುಂಟಾಗಬಹುದು. ಮೊದಲೇ ಕಣ್ಣಿನಿಂದ ನೊಂದವರನ್ನು ಲಾಭವಿಲ್ಲದೆ ಆ ಅಪಾಯಕ್ಕೆ ಒಡ್ಡುವುದು ಸಲ್ಲದು.

ಈ ಫಲದ ಎಲ್ಲೆಯನ್ನೂ ನಾವು ಮರೆಯಬಾರದು. ಆ ಮೂರು ಉಪದ್ರವಗಳಲ್ಲಿ, 24 ವಾರಗಳೊಳಗೆ, ಔಷಧವು ಮೇಲೆನಿಸಲಿಲ್ಲವೆಂಬುದಷ್ಟೇ ಇದರಿಂದ ಸಿದ್ಧ. ಲೂಪಸ್ಸಿನಲ್ಲಿ ಅದರ ಗುಣಕ್ಕೆ ಇದರಿಂದ ಕುಂದಿಲ್ಲ. ಅಳಿದುಳಿದ ಗ್ರಂಥಿಗಳನ್ನು ಪ್ರಚೋದಿಸಿ ಜೊಲ್ಲು ಸುರಿಸುವ ಪೈಲೋಕಾರ್ಪಿನ್ ಇಂತಹುದೇ ಪರೀಕ್ಷೆಗಳಲ್ಲಿ ಗೆದ್ದು 1998ರಲ್ಲಿ ಅಮೆರಿಕದ ಅನುಮತಿ ಪಡೆಯಿತು. ಅದು ವ್ಯಾಧಿಯನ್ನು ನೀಗದಿದ್ದರೂ ಬಾಯನ್ನು ತೇವಗೊಳಿಸುವುದು. ಗೆಲ್ಲುವ ಔಷಧವನ್ನೂ ಸೋಲುವ ಔಷಧವನ್ನೂ ಒಂದೇ ತಕ್ಕಡಿಯಲ್ಲಿ ತೂಗಿದರೆ ಮಾತ್ರ ರೋಗಿಯು ವೈದ್ಯನ ಮಾತನ್ನು ನಂಬಬಹುದು.