ಒಂದು ತಂಬಿಗೆ ನೀರಿನ ಹಿಂದೆ ಎಷ್ಟು ಮಂದಿ?

ಸೀಗೆ ಹುಣ್ಣಿಮೆಯ ದಿನ ಗೋಕಾಕ, ಮೂಡಲಗಿ, ಹುಕ್ಕೇರಿ ಸೀಮೆಯ ಹೊಲಗಳಲ್ಲಿ ನಡೆಯುವ ಊಟಕ್ಕೆ ಒಂದು ವಿಶೇಷವಿದೆ. ಚಕ್ಕಡಿಯಲ್ಲೋ ಟ್ರ್ಯಾಕ್ಟರಿನಲ್ಲೋ ಬುತ್ತಿ ಕಟ್ಟಿಕೊಂಡು ಬಂದ ಮನೆಮಂದಿ ತಾವು ಉಣ್ಣುವ ಮೊದಲು ಕಡುಬು, ಹೋಳಿಗೆ, ರೊಟ್ಟಿ, ಪಲ್ಯ, ಅನ್ನ ಎಲ್ಲವನ್ನೂ ಕಲಸಿ ಹೊಲದ ತುಂಬ ಚೆಲ್ಲುತ್ತಾರೆ. ಒಬ್ಬರು ಚರಗ ಚೆಲ್ಲುತ್ತ ಮುಂದೆ ಹೋದರೆ ಇನ್ನೊಬ್ಬರು ತಂಬಿಗೆಯ ನೀರು ಚಿಮುಕಿಸುತ್ತ ಹಿಂದೆ ಬರುತ್ತಾರೆ. ಹೂ, ಕಾಯಿ, ತೆನೆ ಹೊತ್ತು ನಿಂತ ಬೆಳೆ ಬಸುರಿ ಹೆಂಗಸಿದ್ದಂತೆ; ಆಕೆಯ ಬಯಕೆ ತೀರಿಸಬೇಕು ಎಂಬುದು ರೈತರ ನಂಬಿಕೆ. ಮೇಲವಂಕಿಯಂಥ ಊರಿನ ಮಕ್ಕಳಿಗೆ ಇದನ್ನು ಯಾರೂ ಹೇಳಿಕೊಡಬೇಕಿಲ್ಲ. ನಡೆಯಲು ಬಂದಾಗಿನಿಂದ ನೋಡುತ್ತಿದ್ದಾರೆ.

ಒಂಬತ್ತನೆಯ ತರಗತಿಗೆ ಬರುವ ಹೊತ್ತಿಗೆ ಅದೇ ಮಕ್ಕಳಲ್ಲಿ ಒಂದು ಪ್ರಶ್ನೆ ಹುಟ್ಟುವುದುಂಟು. ಇಷ್ಟು ಅನ್ನವನ್ನು ಮಣ್ಣುಪಾಲು ಮಾಡುವುದು ಸರಿಯೇ? ಪ್ರಶ್ನೆ ನ್ಯಾಯವಾದದ್ದೇ. ಗದರಿಸಿ ಬಾಯಿ ಮುಚ್ಚಿಸುವ ಬದಲು, ಚರಗ ಚೆಲ್ಲಿದ ಜಾಗವನ್ನು ಮರುದಿನ ಬೆಳಿಗ್ಗೆ ಹೋಗಿ ನೋಡಿ ಬಾ ಎಂದು ಹುಡುಗನನ್ನು ಕಳಿಸುವುದು ಮೇಲು. ಇರುವೆಗಳ ಸಾಲು, ಹಕ್ಕಿಗಳ ಗದ್ದಲ, ಅಳಿಲಿನ ಓಡಾಟ ಕಣ್ಣಿಗೆ ಬೀಳುತ್ತವೆ. ಕಣ್ಣಿಗೆ ಬೀಳದವು ಇನ್ನೂ ಹೆಚ್ಚು. ಶೇಂಗಾ, ತೊಗರಿಯ ಬೇರಿನ ಗಂಟುಗಳಲ್ಲಿ ಕುಳಿತ ಬ್ಯಾಕ್ಟೀರಿಯಾ ಗಾಳಿಯ ಸಾರಜನಕವನ್ನು ಹಿಡಿದು ಗಿಡಕ್ಕೆ ಗೊಬ್ಬರ ಮಾಡಿಕೊಡುತ್ತವೆ, ಕೂಲಿ ಕೇಳದೆ. ಎರೆಹುಳುವಿನ ದುಡಿಮೆಯಂತೂ ಚಾರ್ಲ್ಸ್ ಡಾರ್ವಿನ್‌ನಂಥವನನ್ನೇ ಬೆರಗುಗೊಳಿಸಿತ್ತು. 1881ರಲ್ಲಿ ಪ್ರಕಟವಾದ ಅವನ ಕೊನೆಯ ಪುಸ್ತಕ ಎರೆಹುಳುಗಳನ್ನು ಕುರಿತದ್ದು. ಇಂಗ್ಲೆಂಡಿನ ಹಲವು ಕಡೆ ಒಂದು ಎಕರೆಯಲ್ಲಿ ವರ್ಷಕ್ಕೆ ಹತ್ತು ಟನ್ನಿಗೂ ಹೆಚ್ಚು ಮಣ್ಣು ಈ ಹುಳುಗಳ ಹೊಟ್ಟೆಯ ಮೂಲಕ ಹಾದು ಮೇಲಕ್ಕೆ ಬರುತ್ತದೆಂದು ಅವನು ಲೆಕ್ಕ ಹಾಕಿದ್ದ. ಹತ್ತು ಟನ್ ಮಣ್ಣು ಹೊರಲು ಎಷ್ಟು ಚಕ್ಕಡಿ ಬೇಕು ಎಂದು ಮಕ್ಕಳೇ ಗುಣಿಸಿ ನೋಡಲಿ. ಆ ಲೆಕ್ಕ ಮಾಡಿದ ಹುಡುಗನಿಗೆ ಚರಗ ದಂಡ ಅನಿಸುವುದಿಲ್ಲ. ಹೊಲದಲ್ಲಿ ದುಡಿದವರಿಗೆ ಒಂದು ಹೊತ್ತಿನ ಊಟ, ಅಷ್ಟೇ!

ಮಾಡಿದ್ದನ್ನು ಬಲ್ಲವನು

ಕೃತಜ್ಞ ಎಂಬ ಮಾತನ್ನು ಬಿಡಿಸಿ ನೋಡಿ. ಕೃತ ಎಂದರೆ ಮಾಡಿದ್ದು, ಜ್ಞ ಎಂದರೆ ಬಲ್ಲವನು. ತನಗಾಗಿ ಯಾರು ಏನು ಮಾಡಿದರು ಎಂಬುದನ್ನು ತಿಳಿದವನು ಕೃತಜ್ಞ. ಕೈ ಮುಗಿಯುವವನು, ಹೊಗಳುವವನು ಎಂಬ ಅರ್ಥ ಆ ಶಬ್ದದಲ್ಲಿ ಎಲ್ಲಿಯೂ ಇಲ್ಲ. ಉಪಕಾರಸ್ಮರಣೆ ಎಂಬಲ್ಲಿಯೂ ಸ್ಮರಣೆಯೇ ಮುಖ್ಯ. ಕೃತಜ್ಞತೆ ಮೊದಲು ತಿಳಿವಳಿಕೆಯ ಮಾತು, ಆಮೇಲೆ ಮನಸ್ಸಿನ ಮಾತು. ತಿಳಿಯದ್ದಕ್ಕೆ ಉಪಕಾರ ನೆನೆಯುವುದು ಹೇಗೆ?

ಈ ಸೀಮೆಯ ಹಳಬರ ಬಾಯಲ್ಲಿ ‘ಥ್ಯಾಂಕ್ಸ್’ ಇರಲಿಲ್ಲ. ಅದು ಶಾಲೆ, ಕಚೇರಿಗಳ ಜೊತೆ ಬಂದದ್ದು. ಬಿಸಿಲಲ್ಲಿ ಬಂದವರಿಗೆ ನೀರು ಕೊಟ್ಟರೆ ‘ನಿನ್ನ ಹೊಟ್ಟಿ ತಣ್ಣಗಿರ್ಲಿ’ ಎನ್ನುತ್ತಿದ್ದರು. ಕಾಳಿಗೆ ಕಾಲು ತಾಗಿದರೆ ಮುಟ್ಟಿ ಕಣ್ಣಿಗೆ ಒತ್ತಿಕೊಳ್ಳುತ್ತಿದ್ದರು. ಕಾರ ಹುಣ್ಣಿಮೆಗೆ ಎತ್ತುಗಳ ಮೈ ತೊಳೆದು ಕೋಡಿಗೆ ಬಣ್ಣ ಹಚ್ಚುವುದು, ಮಣ್ಣೆತ್ತಿನ ಅಮಾವಾಸ್ಯೆಗೆ ಮಣ್ಣಿನಲ್ಲಿಯೂ ಎತ್ತನ್ನು ಮಾಡಿ ಪೂಜಿಸುವುದು, ಖಂಡೇ ಪೂಜೆಗೆ ಕುಡಗೋಲು, ಕುಂಟೆಗಳಿಗೆ ಕುಂಕುಮ ಇಡುವುದು ಇವೆಲ್ಲ ಅದೇ ಸಾಲಿನವು. ಎತ್ತು ಹೋಗಿ ಟ್ರ್ಯಾಕ್ಟರು ಬಂದ ಮನೆಯಲ್ಲಿ ಟ್ರ್ಯಾಕ್ಟರಿಗೂ ಹೂಮಾಲೆ ಬಿತ್ತು.

ಈಗ ಸಾಮಾನಿನ ಸಂಖ್ಯೆ ಹೆಚ್ಚಾಗಿದೆ, ಅವು ಬಂದ ದಾರಿ ಮರೆಯಾಗಿದೆ. ನಲ್ಲಿ ತಿರುವಿದರೆ ನೀರು. ಗುಂಡಿ ಒತ್ತಿದರೆ ದೀಪ. ಹಿಂದೆ ಯಾರೂ ಇಲ್ಲವೇನೋ ಎಂಬಂತೆ!

ನೀರಿನ ಬೆನ್ನು ಹತ್ತಿ

ಹೀಗಾಗಿ ಮನೆಯಲ್ಲಿ ಅಥವಾ ತರಗತಿಯಲ್ಲಿ ಒಂದು ಸಣ್ಣ ಅಭ್ಯಾಸ ಮಾಡಿ ನೋಡಬಹುದು. ಒಂದೇ ಒಂದು ವಸ್ತು ಹಿಡಿದು ಅದು ಬಂದ ದಾರಿಯಲ್ಲಿ ಹಿಂದಕ್ಕೆ ನಡೆಯುವುದು. ಉದಾಹರಣೆಗೆ ಒಂದು ತಂಬಿಗೆ ನೀರು.

ಅದು ತಣ್ಣಗಿದೆ. ಏಕೆ? ಮಣ್ಣಿನ ಗಡಿಗೆಯ ಸೂಕ್ಷ್ಮ ರಂಧ್ರಗಳಿಂದ ಜಿನುಗಿದ ನೀರು ಆವಿಯಾಗುವಾಗ ಗಡಿಗೆಯ ಶಾಖವನ್ನು ಹೊತ್ತೊಯ್ಯುತ್ತದೆ. ಬೇಸಿಗೆಯ ಬಿಸಿಯಲ್ಲಿ ಒಂದು ಗ್ರಾಂ ನೀರು ಆವಿಯಾಗಲು ಸುಮಾರು 580 ಕ್ಯಾಲೊರಿ ಶಾಖ ಬೇಕು. ಕರೆಂಟಿನ ಬಿಲ್ಲಿಲ್ಲದ ಈ ತಂಪಿನ ಹಿಂದೆ ಮಣ್ಣು ಹದ ಮಾಡಿ, ತಟ್ಟಿ, ಸುಟ್ಟ ಕುಂಬಾರರಿದ್ದಾರೆ. ನೀರು ಮನೆಗೆ ಬಂದದ್ದು ನಲ್ಲಿಯಲ್ಲಿ. ಎಲ್ಲರೂ ಮಲಗಿರುವಾಗ ಎದ್ದು ವಾಲ್ವ್ ತಿರುವಿದ ಪಂಚಾಯತಿಯ ವಾಟರ್‌ಮನ್ ಇದ್ದಾನೆ, ಟ್ಯಾಂಕಿಗೆ ಬ್ಲೀಚಿಂಗ್ ಪುಡಿ ಹಾಕಿದವರಿದ್ದಾರೆ, ಮಳೆಯಲ್ಲಿ ಕಂಬ ಹತ್ತಿ ಪಂಪಿಗೆ ಕರೆಂಟು ಕೊಟ್ಟ ಲೈನ್‌ಮನ್ ಇದ್ದಾನೆ. ಇವರ ಹೆಸರು ನಿಮ್ಮ ಮಕ್ಕಳಿಗೆ ಗೊತ್ತೇ? ಸಿನಿಮಾ ನಟರ ಹೆಸರು ಗೊತ್ತಿರುತ್ತದೆ.

ಇನ್ನೂ ಹಿಂದಕ್ಕೆ ಹೋದರೆ ಘಟಪ್ರಭೆ. ಅರಬ್ಬೀ ಸಮುದ್ರದ ಆವಿ ಸಹ್ಯಾದ್ರಿಗೆ ತಗಲಿ ಮಳೆಯಾಗಿ ಸುರಿದ ನೀರು ಅದು. ಧೂಪದಾಳದ ಒಡ್ಡು ಕಟ್ಟಿದ್ದು 1897ರಲ್ಲಿ. ಅದಕ್ಕೂ ಮೇಲೆ, ಹುಕ್ಕೇರಿ ತಾಲ್ಲೂಕಿನ ಹಿಡಕಲ್‌ನಲ್ಲಿ ರಾಜಾ ಲಖಮಗೌಡ ಜಲಾಶಯವಿದೆ. ಅದು ತುಂಬಿದಾಗ ಹಿಡಿಯುವ ನೀರು 51 ಟಿ.ಎಂ.ಸಿ. ಒಂದು ಟಿ.ಎಂ.ಸಿ. ಎಂದರೆ ನೂರು ಕೋಟಿ ಘನ ಅಡಿ. ಲೀಟರಿಗೆ ತಿರುಗಿಸಿದರೆ ಸುಮಾರು 1 ಲಕ್ಷ 44 ಸಾವಿರ ಕೋಟಿ ಲೀಟರ್. ಈ ಸೀಮೆಯ ಕಬ್ಬು, ಗೋವಿನಜೋಳ, ಅರಿಷಿಣಗಳ ಹಸಿರು ಬಹುಮಟ್ಟಿಗೆ ಈ ನದಿ, ಕಾಲುವೆಗಳ ಕೊಡುಗೆ. ಕೊಳವೆಬಾವಿಯ ನೀರು ಕುಡಿಯುವವರೂ ಕಾಲುವೆಯಿಂದ ಪೂರ್ತಿ ದೂರವಲ್ಲ. ಅದರಿಂದ ಇಂಗಿದ ನೀರು ಅಂತರ್ಜಲವನ್ನು ಕೂಡುತ್ತದೆ.

ದಾರಿ ಇಲ್ಲಿಗೆ ಮುಗಿಯುವುದಿಲ್ಲ. ಜಲಾಶಯ ಎಂದರೆ ಮುಳುಗಡೆ. ಹಿಡಕಲ್‌ನ ನೀರು ಕೆಳಗಿಳಿದ ಬೇಸಿಗೆಗಳಲ್ಲಿ ಹುನ್ನೂರಿನ ಹಳೆಯ ವಿಠ್ಠಲ ಮಂದಿರ ನೀರಿನಿಂದ ಮೇಲೆ ಬರುತ್ತದೆ. ಜನ ಅದನ್ನು ನೋಡಲು ಹೋಗುತ್ತಾರೆ, ಫೋಟೋ ತೆಗೆಸಿಕೊಳ್ಳುತ್ತಾರೆ. ಆ ಗುಡಿಯ ಸುತ್ತ ಮನೆಗಳಿದ್ದವು, ಹಿತ್ತಲುಗಳಿದ್ದವು, ಹೊಲಗಳಿದ್ದವು ಎಂಬುದನ್ನು ಜೊತೆಗೆ ಬಂದ ಮಕ್ಕಳಿಗೆ ಹೇಳುವವರು ಎಷ್ಟು ಮಂದಿ? ಕೆಳಗಿನ ಊರುಗಳಿಗೆ ನೀರು ಬರಬೇಕಾದರೆ ಮೇಲಿನ ಊರುಗಳು ಏಳಬೇಕಾಯಿತು. ಗಂಟು ಕಟ್ಟಿಕೊಂಡು ಹೋದ ಆ ಜನ ಕೆಳಗಿನವರ ಹೆಸರು ಕೇಳಿದವರಲ್ಲ, ಕೆಳಗಿನವರು ಅವರ ಮುಖ ಕಂಡವರಲ್ಲ. ತಂಬಿಗೆ ನೀರಿನ ದಾರಿಯಲ್ಲಿ ಅತಿ ದೊಡ್ಡ ಬೆಲೆ ಕೊಟ್ಟವರು ಅವರೇ.

ಅದೇ ನೀರಿಗೆ ಇನ್ನೊಂದು ಕವಲು ದಾರಿಯಿದೆ. 1971ರಲ್ಲಿ ಬಾಂಗ್ಲಾ ನಿರಾಶ್ರಿತರು ಪಶ್ಚಿಮ ಬಂಗಾಳದ ಬನಗಾಂವ್ ಶಿಬಿರಕ್ಕೆ ಬಂದಾಗ ಕಾಲರಾ ಹಬ್ಬಿತು. ನರಕ್ಕೆ ಏರಿಸುವ ಸಲೈನ್ ಮುಗಿದುಹೋಯಿತು. ಡಾ. ದಿಲೀಪ್ ಮಹಲನಬಿಸ್ ಅವರು ಗ್ಲೂಕೋಸ್, ಉಪ್ಪು, ಅಡುಗೆ ಸೋಡಾ ಬೆರೆಸಿದ ನೀರನ್ನು ಡ್ರಮ್ಮುಗಳಲ್ಲಿ ಇಟ್ಟು, ರೋಗಿಗಳ ಮನೆಯವರ ಕೈಯಿಂದಲೇ ಕುಡಿಸಿದರು. ಶೇಕಡಾ 30ರಷ್ಟಿದ್ದ ಸಾವು ಶೇಕಡಾ 4ಕ್ಕಿಂತ ಕೆಳಗಿಳಿಯಿತು. ಇಂದು ಔಷಧಿ ಅಂಗಡಿಯಲ್ಲಿ ಸಿಗುವ ಓ.ಆರ್.ಎಸ್. ಪೊಟ್ಟಣ ಊರೂರಿಗೆ ಮುಟ್ಟಿದ ಕಥೆಯಲ್ಲಿ ಆ ಶಿಬಿರದ್ದು ದೊಡ್ಡ ಪಾಲು. ಮಹಲನಬಿಸ್ 2022ರಲ್ಲಿ ತೀರಿಕೊಂಡರು. ಪದ್ಮವಿಭೂಷಣ ಘೋಷಣೆಯಾದದ್ದು ಅದರ ಮರುವರ್ಷ. ಬೇಧಿ ಹತ್ತಿ, ಆ ನೀರು ಕುಡಿದು ಎದ್ದು ಕುಳಿತ ಮಕ್ಕಳು ಪ್ರತಿ ಓಣಿಯಲ್ಲೂ ಇದ್ದಾರೆ.

ಬರೆದಿಟ್ಟರೆ ಏನಾಗುತ್ತದೆ?

ವಿಜ್ಞಾನಿಗಳು ಇದನ್ನೂ ಪರೀಕ್ಷೆಗೆ ಒಡ್ಡಿದ್ದಾರೆ. ಅಮೆರಿಕದ ರಾಬರ್ಟ್ ಎಮನ್ಸ್ ಮತ್ತು ಮೈಕೆಲ್ ಮೆಕಲೋ 2003ರಲ್ಲಿ ಪ್ರಕಟಿಸಿದ ಅಧ್ಯಯನವೊಂದರಲ್ಲಿ ಕಾಲೇಜು ವಿದ್ಯಾರ್ಥಿಗಳನ್ನು ಮೂರು ಗುಂಪು ಮಾಡಿದ್ದರು. ಒಂದು ಗುಂಪು ವಾರಕ್ಕೊಮ್ಮೆ ತಾನು ಉಪಕೃತವಾದ ಸಂಗತಿಗಳನ್ನು ಐದರವರೆಗೆ ಬರೆಯಬೇಕು, ಇನ್ನೊಂದು ಕಿರಿಕಿರಿಗಳನ್ನು, ಮತ್ತೊಂದು ಸುಮ್ಮನೆ ನಡೆದ ಘಟನೆಗಳನ್ನು. ಹತ್ತು ವಾರಗಳ ಬಳಿಕ ಮೊದಲ ಗುಂಪಿನವರು ಬದುಕಿನ ಬಗ್ಗೆ ಹೆಚ್ಚು ಸಮಾಧಾನ ಹೇಳಿಕೊಂಡರು. ವ್ಯಾಯಾಮವನ್ನೂ ಹೆಚ್ಚು ಮಾಡುತ್ತಿದ್ದರು. 2008ರಲ್ಲಿ ಆರು, ಏಳನೆಯ ತರಗತಿಯ 221 ಮಕ್ಕಳ ಮೇಲೆ ಇಂಥದೇ ಅಧ್ಯಯನ ನಡೆಯಿತು. ಎರಡು ವಾರ ಹೀಗೆ ಬರೆದ ಮಕ್ಕಳಿಗೆ ಶಾಲೆಯ ಬಗ್ಗೆ ಮೆಚ್ಚುಗೆ ಹೆಚ್ಚಿತ್ತು, ಮೂರು ವಾರಗಳ ನಂತರವೂ ಅದು ಉಳಿದಿತ್ತು.

ಇದನ್ನು ಉಬ್ಬಿಸಿ ಹೇಳಬಾರದು. ಹಲವು ಅಧ್ಯಯನಗಳನ್ನು ಕೂಡಿಸಿ ನೋಡಿದವರು ಪರಿಣಾಮ ಸಣ್ಣದೆಂದೂ ಖಿನ್ನತೆಗೆ ಇದು ಮದ್ದಲ್ಲವೆಂದೂ ತಿಳಿಸಿದ್ದಾರೆ. ಊಟ ಬಿಟ್ಟು, ನಿದ್ದೆಗೆಟ್ಟು ಕುಳಿತ ಮಗುವಿಗೆ ಬೇಕಾದದ್ದು ವೈದ್ಯರು, ನೋಟ್‌ಬುಕ್ಕಲ್ಲ. ಉಳಿದ ಮಕ್ಕಳು ಬರೆಯಬಹುದು. ದಿನಾಲೂ ಬರೆಸಲು ಹೋದರೆ ಅದೂ ಹೋಂವರ್ಕ್ ಆಗುತ್ತದೆ, ವಾರಕ್ಕೊಮ್ಮೆ ಸಾಕು. ‘ಅಪ್ಪ, ಅವ್ವ, ದೇವರು’ ಎಂದು ಮೂರು ಶಬ್ದ ಗೀಚಿ ಎದ್ದರೆ ಪ್ರಯೋಜನವಿಲ್ಲ. ‘ಪೆನ್ನು ನಿಂತಾಗ ಪಕ್ಕದ ಬೆಂಚಿನವಳು ತನ್ನದನ್ನು ಕೊಟ್ಟಳು, ತಾನು ಪೆನ್ಸಿಲ್ಲಿನಲ್ಲಿ ಬರೆದಳು’ ಎಂದು ಬರೆದರೆ ಅದು ಬರಹ. ಅದರಲ್ಲಿ ಯಾರು ಏನು ಮಾಡಿದರು, ಅವರಿಗೆ ಎಷ್ಟು ತೊಂದರೆಯಾಯಿತು ಎಂಬ ವಿವರವಿದೆ.

ಹಂಗು ಬೇರೆ, ಉಪಕಾರ ಬೇರೆ

ಪಾಲಕರಿಗೆ ಇಲ್ಲೊಂದು ಎಚ್ಚರಿಕೆ ಅಗತ್ಯ. ಕನ್ನಡದಲ್ಲಿ ಹಂಗು ಎಂಬ ಶಬ್ದವಿದೆ. ಉಪಕಾರ ಮಾಡಿದವನೇ ನೆನಪಿಸುತ್ತ ಹೋದರೆ ಅದು ಹಂಗಾಗುತ್ತದೆ. ‘ನಿನ್ನ ಸಲುವಾಗಿ ಹೊಲ ಒತ್ತಿ ಇಟ್ಟೀವಿ, ನೀ ನೋಡಿದರ ಇಷ್ಟs ಮಾರ್ಕ್ಸ್ ತಂದಿ’ ಎಂಬ ಮಾತು ಎಸ್ಸೆಸ್ಸೆಲ್ಸಿ ಫಲಿತಾಂಶದ ದಿನ ಅನೇಕ ಮನೆಗಳಲ್ಲಿ ಕೇಳಿಸುತ್ತದೆ. ಹೇಳುವವರ ಸಂಕಟ ನಿಜ. ಆದರೆ ಕೇಳಿದ ಮಗುವಿಗೆ ತಾಯಿತಂದೆಯ ದುಡಿಮೆ ಪ್ರೀತಿಯಾಗಿ ಕಾಣುವುದಿಲ್ಲ, ತೀರಿಸಲಾಗದ ಸಾಲವಾಗಿ ಕಾಣುತ್ತದೆ. ಸಾಲಗಾರನ ಮುಖ ನೋಡಲು ಯಾರಿಗೆ ಮನಸ್ಸಾಗುತ್ತದೆ? ಅದರ ಬದಲು ರಜೆಯಲ್ಲಿ ಮಗುವನ್ನು ಒಂದು ದಿನ ಹೊಲಕ್ಕೋ ಅಂಗಡಿಗೋ ಗಿರಣಿಗೋ ಕರೆದುಕೊಂಡು ಹೋಗಿ, ಏನನ್ನೂ ಹೇಳದೆ ಜೊತೆಗೆ ಕೂರಿಸಿಕೊಳ್ಳಬಹುದು. ಕಣ್ಣು ತಾನಾಗಿ ಕಂಡುಕೊಳ್ಳುತ್ತದೆ.

ಹಾಗೆಯೇ ಹಕ್ಕನ್ನು ಉಪಕಾರವೆಂದು ಒಪ್ಪಿಸಲೂಬಾರದು. 2019ರ ಆಗಸ್ಟ್‌ನಲ್ಲಿ ಘಟಪ್ರಭೆ ಉಕ್ಕಿ ಗೋಕಾಕ ಪಟ್ಟಣಕ್ಕೂ ನದಿ ದಂಡೆಯ ಹಳ್ಳಿಗಳಿಗೂ ನುಗ್ಗಿತು. ಒಣಗಿದ ನೆಲ, ಉರಿಯುವ ಒಲೆ, ತೋಯದ ಪಾಟೀಚೀಲ ಎಂದರೆ ಏನೆಂದು ಆ ದಿನಗಳಲ್ಲಿ ಕಾಳಜಿ ಕೇಂದ್ರಗಳಲ್ಲಿ ಮಲಗಿದ ಮಕ್ಕಳಿಗೆ ಪಾಠ ಮಾಡಬೇಕಾಗಿರಲಿಲ್ಲ. ರೊಟ್ಟಿ ಬುತ್ತಿ ಕಟ್ಟಿ ತಂದುಕೊಟ್ಟ ಅಪರಿಚಿತರನ್ನು ಅವರು ನೆನೆಯಲಿ. ಬಿದ್ದ ಮನೆಗೆ ಬರಬೇಕಾದ ಪರಿಹಾರ ಮಾತ್ರ ದಾನವಲ್ಲ, ಅದನ್ನು ಕೇಳುವುದು ಕೃತಘ್ನತೆಯೂ ಅಲ್ಲ.

ಬಿಸಿಯೂಟದ ಮಾತೂ ಹೀಗೆಯೇ. ಶಾಲೆಗಳಲ್ಲಿ ಬೇಯಿಸಿದ ಊಟ ಕೊಡಲೇಬೇಕೆಂದು ಸುಪ್ರೀಂ ಕೋರ್ಟ್ ಆದೇಶಿಸಿದ್ದು 2001ರ ನವೆಂಬರ್ 28ರಂದು. 2013ರ ಆಹಾರ ಭದ್ರತಾ ಕಾಯಿದೆ ಅದನ್ನು ಮಕ್ಕಳ ಹಕ್ಕಾಗಿಸಿತು. ತಟ್ಟೆಗೆ ಬಿದ್ದ ಅನ್ನಕ್ಕೆ ಯಾರ ಹಂಗೂ ಇಲ್ಲ. ಆದರೆ ಬೆಳಿಗ್ಗೆ ಬಂದು ಅಕ್ಕಿ ಆರಿಸಿ, ತರಕಾರಿ ಹೆಚ್ಚಿ, ದೊಡ್ಡ ಪಾತ್ರೆಗಳನ್ನು ಒಲೆಯಿಂದ ಇಳಿಸಿ, ನೂರಾರು ತಟ್ಟೆಗೆ ಬಡಿಸಿ, ಕೊನೆಗೆ ಪಾತ್ರೆ ತಿಕ್ಕುವ ಅಡುಗೆಯ ಅಕ್ಕಂದಿರು ಇದ್ದಾರೆ. ಅವರಿಗೆ ಸಿಗುವ ಗೌರವಧನ ದೊಡ್ಡದೇನಲ್ಲ. ಅವರು ಉಣ್ಣಲು ಕೂರುವುದು ಎಲ್ಲರದೂ ಮುಗಿದ ಮೇಲೆ. ಆ ಹೊತ್ತಿಗೆ ಬೋಗುಣಿಯಲ್ಲಿ ಸಾರು ಎಷ್ಟು ಉಳಿದಿರುತ್ತದೆ ಎಂದು ಯಾವುದಾದರೂ ಮಗು ಒಮ್ಮೆ ಇಣುಕಿ ನೋಡಲಿ.