ಒಂದು ಕಪಾಟಿನ ಜಾಗ, ಯಾವ ಹಲ್ಲಿ ಸರಿ?

ಇಂಗ್ಲೆಂಡಿನ ಬರ್ಮಿಂಗ್‌ಹ್ಯಾಮ್‌ನಲ್ಲಿರುವ ನನ್ನ ಮೊಮ್ಮಗಳು ಪುಟ್ಟಿಗೆ 11 ವರ್ಷ. ನಾಯಿ ಬೇಡ, ಬೆಕ್ಕು ಬೇಡ, ಅವಳಿಗೆ ಹಲ್ಲಿ ಬೇಕಂತೆ! ಹಲ್ಲಿ ಲೊಚಗುಟ್ಟಿದರೆ ‘ಕೃಷ್ಣ ಕೃಷ್ಣ’ ಎನ್ನುವ, ಮೈಮೇಲೆ ಬಿದ್ದರೆ ಪಂಚಾಂಗ ತೆಗೆದು ಫಲ ನೋಡುವ ನಮಗೆ, ದುಡ್ಡು ಕೊಟ್ಟು ಹಲ್ಲಿ ತರುವುದೆಂದರೆ ನಗು ಬರುತ್ತದೆ. ಆದರೆ ಅಲ್ಲಿ ಅದು ಮಾಮೂಲು. ಮನುಷ್ಯರ ಆರೈಕೆಯಲ್ಲೇ ಮೊಟ್ಟೆಯೊಡೆದು ಬೆಳೆದ ಹಲ್ಲಿ, ಓತಿಗಳು ಅಂಗಡಿಯಲ್ಲಿ ಸಿಗುತ್ತವೆ. ಒಂದು ನಿಯಮವಿದೆ: 2006ರ ಪ್ರಾಣಿ ಕಲ್ಯಾಣ ಕಾಯ್ದೆಯ ಪ್ರಕಾರ 16 ವರ್ಷದೊಳಗಿನವರಿಗೆ ಪ್ರಾಣಿ ಮಾರುವಂತಿಲ್ಲ. ದೊಡ್ಡವರೇ ಹೋಗಿ ಕೊಳ್ಳಬೇಕು, ಜವಾಬ್ದಾರಿಯೂ ಅವರದೇ.

“ಅಜ್ಜಿ, ನನ್ನ ರೂಮಿನ ಕಪಾಟಿನ ಮೇಲೆ 90 ಸೆಂಟಿಮೀಟರ್ ಉದ್ದ, 45 ಸೆಂಟಿಮೀಟರ್ ಅಗಲದ ಜಾಗ ಇದೆ. ಅಷ್ಟರಲ್ಲಿ ಯಾವ ಹಲ್ಲಿ ಸಾಕಬಹುದು?” ಎಂದು ವಿಡಿಯೊ ಕಾಲ್‌ನಲ್ಲಿ ಕೇಳಿದಳು. ಹೈಸ್ಕೂಲಿನಲ್ಲಿ ಮೂವತ್ತು ವರ್ಷ ಜೀವಶಾಸ್ತ್ರ ಹೇಳಿಕೊಟ್ಟವಳು ನಾನು. ಪ್ರಶ್ನೆ ಇಷ್ಟವಾಯಿತು. ಪ್ರಾಣಿ ತಂದ ಮೇಲೆ ಜಾಗ ಹುಡುಕುವವರೇ ಹೆಚ್ಚು. ಇವಳು ಜಾಗ ಅಳೆದು ಪ್ರಾಣಿ ಹುಡುಕುತ್ತಿದ್ದಳು.

ಅಂಗೈ ಮರಿ ನಂಬಬೇಡಿ

ಅಂಗಡಿಯಲ್ಲಿ ಎಲ್ಲ ಮರಿಗಳೂ ಅಂಗೈಯಲ್ಲಿ ಹಿಡಿಸುತ್ತವೆ. ಹಸಿರು ಇಗುವಾನದ ಮರಿ ಎಷ್ಟು ಮುದ್ದು! ಬೆಳೆದರೆ ಬಾಲ ಸೇರಿ ಒಂದೂವರೆ ಮೀಟರ್ ದಾಟುತ್ತದೆ, ಅದಕ್ಕೆ ಒಂದು ಕೋಣೆಯೇ ಬೇಕು. ಆಸ್ಟ್ರೇಲಿಯದ ‘ಗಡ್ಡದ ಓತಿ’, ಅಂದರೆ ಬಿಯರ್ಡೆಡ್ ಡ್ರ್ಯಾಗನ್, ಬಹಳ ಸಾಧು. ಆದರೆ ಅರ್ಧ ಮೀಟರ್ ಬೆಳೆಯುವ ಅದಕ್ಕೆ ಕನಿಷ್ಠ 120 ಸೆಂಟಿಮೀಟರ್ ಉದ್ದದ ಗೂಡು ಬೇಕು. ಬಣ್ಣ ಬದಲಿಸುವ ಗೋಸುಂಬೆಗೆ ಗಾಳಿಯಾಡುವ ಎತ್ತರದ ಪಂಜರ ಬೇಕು, ಮುಟ್ಟಿದರೆ ಅದು ಹೆದರಿ ಸೊರಗುತ್ತದೆ. ಮೂರೂ ಹೆಸರುಗಳಿಗೆ ಪುಟ್ಟಿ ಗೆರೆ ಎಳೆದಳು.

ಉಳಿದದ್ದು ಎರಡು. ಒಂದು, ಪೆಸಿಫಿಕ್ ಸಾಗರದ ನ್ಯೂ ಕ್ಯಾಲಿಡೋನಿಯ ದ್ವೀಪದ ಕ್ರೆಸ್ಟೆಡ್ ಗೆಕೊ. ಈ ಹಲ್ಲಿಯ ಕಣ್ಣಿನ ಮೇಲೆ ರೆಪ್ಪೆಗೂದಲಿನಂಥ ಮುಳ್ಳುಗಳ ಸಾಲಿದೆ. ಇದರ ವಂಶವೇ ಅಳಿಯಿತೆಂದು ವಿಜ್ಞಾನಿಗಳು ತಿಳಿದಿದ್ದರು, 1994ರಲ್ಲಿ ಮತ್ತೆ ಕಂಡಿತು! ಹಣ್ಣಿನ ರುಚಿಯ ಪುಡಿಯನ್ನು ನೀರಿನಲ್ಲಿ ಕಲಸಿ ಕೊಟ್ಟರೆ ನೆಕ್ಕುತ್ತದೆ. ಆದರೆ ಮರ ಹತ್ತುವ ಜೀವ, ಅದಕ್ಕೆ ಉದ್ದಕ್ಕಿಂತ ಎತ್ತರ ಮುಖ್ಯ. ಪುಟ್ಟಿಯ ಕಪಾಟಿನ ಮೇಲೆ ಛಾವಣಿ ಇಳಿಜಾರಾಗಿದೆ, ಎತ್ತರ ಸಾಲದು.

ಎರಡನೆಯದು ಲೆಪರ್ಡ್ ಗೆಕೊ, ಚಿರತೆಯಂತೆ ಮೈತುಂಬ ಚುಕ್ಕೆಯ ಹಲ್ಲಿ. ಅಫ್ಘಾನಿಸ್ತಾನ, ಪಾಕಿಸ್ತಾನದ ಒಣ ಕಲ್ಲುನೆಲ ಇದರ ತವರು. ಬೆಳೆದರೆ 20ರಿಂದ 25 ಸೆಂಟಿಮೀಟರ್. ನೆಲದ ಮೇಲೆ ಓಡಾಡುವ ಜೀವ. ನಮ್ಮ ಗೋಡೆಯ ಹಲ್ಲಿಗೆ ರೆಪ್ಪೆಯಿಲ್ಲ, ನಾಲಿಗೆಯಿಂದಲೇ ಕಣ್ಣು ಒರೆಸಿಕೊಳ್ಳುತ್ತದೆ. ಇದಕ್ಕೆ ರೆಪ್ಪೆಯಿದೆ, ಕಣ್ಣು ಮಿಟುಕಿಸುತ್ತದೆ! ಕಾಲಿಗೆ ಅಂಟುವ ಮೆತ್ತೆ ಇಲ್ಲ, ಹಾಗಾಗಿ ಗಾಜಿನ ಗೋಡೆ ಹತ್ತಲಾರದು. 90 ಸೆಂಟಿಮೀಟರ್ ಇದಕ್ಕೆ ಸಾಕು.

ಪೆಟ್ಟಿಗೆ ಇನ್ನೂ ಚಿಕ್ಕದಾದರೆ?

“ಅರ್ಧ ಜಾಗ ಪುಸ್ತಕಕ್ಕೆ ಇಟ್ಟುಕೊಳ್ಳಲಾ ಅಜ್ಜಿ?” ಎಂದಳು. “ಬೇಡ” ಎಂದೆ. ಯಾಕೆ ಗೊತ್ತೇ ಮಕ್ಕಳೇ? ನಮ್ಮ ಮೈ ತನ್ನ ಬಿಸಿಯನ್ನು ತಾನೇ ಕಾಯಿಸಿಕೊಳ್ಳುತ್ತದೆ. ಹಲ್ಲಿಯ ಮೈ ಹಾಗಲ್ಲ, ಅದು ಹೊರಗಿನ ಬಿಸಿಯನ್ನೇ ನಂಬಿದೆ. ತಿಂದ ಹುಳ ಅರಗಬೇಕಾದರೆ ಬೆಚ್ಚಗಿನ ಜಾಗಕ್ಕೆ ಹೋಗುತ್ತದೆ, ಬಿಸಿ ಹೆಚ್ಚಾದರೆ ತಂಪಿಗೆ ಬರುತ್ತದೆ. ಚಳಿಗಾಲದಲ್ಲಿ ತಾತ ಬಚ್ಚಲೊಲೆಯ ಮುಂದೆ ಕೂತು, ಸೆಕೆಯಾದಾಗ ಜಗಲಿಗೆ ಬರುತ್ತಾರಲ್ಲ, ಹಾಗೆ.

ಅದಕ್ಕೇ ಗೂಡಿನ ಒಂದು ತುದಿ ಸುಮಾರು 32 ಡಿಗ್ರಿ ಸೆಲ್ಸಿಯಸ್, ಇನ್ನೊಂದು ತುದಿ 24 ಡಿಗ್ರಿಯ ಆಸುಪಾಸು ಇರಬೇಕು. ಬಿಸಿ ಕೊಡುವ ದೀಪಕ್ಕೆ ಥರ್ಮೋಸ್ಟಾಟ್ ಕಡ್ಡಾಯ, ಇಲ್ಲವಾದರೆ ಹಲ್ಲಿಯ ಮೈ ಸುಟ್ಟೀತು. ಪೆಟ್ಟಿಗೆ ತೀರಾ ಚಿಕ್ಕದಾದರೆ ಎರಡು ತುದಿಯೂ ಒಂದೇ ಬಿಸಿಯಾಗುತ್ತದೆ, ಹಲ್ಲಿಗೆ ಆಯ್ಕೆಯೇ ಉಳಿಯುವುದಿಲ್ಲ. ಜಾಗ ಬೇಕಾಗಿರುವುದು ಓಡಾಟಕ್ಕೆ ಮಾತ್ರವಲ್ಲ, ಬದುಕುವುದಕ್ಕೆ.

ಅವಿತುಕೊಳ್ಳಲು ಮೂರು ಗುಹೆಗಳೂ ಬೇಕು: ಬೆಚ್ಚಗಿನ ಕಡೆ ಒಂದು, ತಂಪಿನ ಕಡೆ ಒಂದು, ಒದ್ದೆ ಪಾಚಿ ಹಾಕಿದ್ದು ಒಂದು. ಪೊರೆ ಬಿಡುವಾಗ ತೇವ ಇಲ್ಲದಿದ್ದರೆ ಹಳೆಯ ಚರ್ಮ ಬೆರಳಿಗೆ ಬಿಗಿದುಕೊಂಡು ಬೆರಳೇ ಹೋಗಬಹುದು. ಇನ್ನು, ಒಂದು ಗೂಡಿಗೆ ಒಂದೇ ಹಲ್ಲಿ. ಎರಡು ಗಂಡು ಸೇರಿದರೆ ಕಾದಾಟ ಖಂಡಿತ.

ಊಟದ ವಿಷಯ ಬಂದಾಗ ಮಗಳ ಮುಖ ಸಪ್ಪಗಾಯಿತು. ಅವರದು ಸಸ್ಯಾಹಾರಿ ಮನೆ. ಈ ಹಲ್ಲಿಗೋ ಜೀವಂತ ಚಿಮ್ಮಂಡೆ, ಮಿಡತೆಗಳೇ ಬೇಕು, ಅವುಗಳ ಮೇಲೆ ಕ್ಯಾಲ್ಸಿಯಂ ಪುಡಿ ಬೇರೆ ಉದುರಿಸಬೇಕು. ಸೊಪ್ಪು, ಹಣ್ಣು ಮುಟ್ಟುವುದಿಲ್ಲ. ಹುಳದ ಡಬ್ಬಿ ಅಡುಗೆಮನೆಗೆ ಬರಕೂಡದು ಎಂಬ ಕರಾರಿನ ಮೇಲೆ ಒಪ್ಪಿಗೆಯಾಯಿತು.

ತಮ್ಮನಿಗಾಗಿ ಕಾಯಬೇಕು

ಎಲ್ಲ ಸರಿಹೋಯಿತು ಎನ್ನುವಾಗ ನಾನು ಒಂದು ಮಾತು ಹೇಳಲೇಬೇಕಾಯಿತು. ಪುಟ್ಟಿಗೆ ನಾಲ್ಕು ವರ್ಷದ ತಮ್ಮನಿದ್ದಾನೆ. ಆರೋಗ್ಯವಾಗಿರುವ ಹಲ್ಲಿಯ ಹೊಟ್ಟೆಯಲ್ಲೂ ಸಾಲ್ಮೊನೆಲ್ಲಾ ಎಂಬ ಬ್ಯಾಕ್ಟೀರಿಯ ಇರಬಹುದು. ಅದು ಕೈಯಿಂದ ಬಾಯಿಗೆ ಹೋದರೆ ಜ್ವರ, ಭೇದಿ. 5 ವರ್ಷದೊಳಗಿನ ಮಕ್ಕಳಿಗೂ 65 ದಾಟಿದ ನನ್ನಂಥವರಿಗೂ ಅದು ಜೋರಾಗಿ ಕಾಡಬಹುದು. ಅಂಥ ಪುಟ್ಟ ಮಕ್ಕಳಿರುವ ಮನೆಗೆ ಸರೀಸೃಪ ಬೇಡ ಎಂದೇ ಆರೋಗ್ಯ ತಜ್ಞರು ಹೇಳುತ್ತಾರೆ. ತಮ್ಮನೋ, ಸಿಕ್ಕಿದ್ದನ್ನೆಲ್ಲ ಬಾಯಿಗೆ ಹಾಕುವವನು.

ಎರಡು ದಿನ ಪುಟ್ಟಿ ನನ್ನ ಕರೆ ಎತ್ತಲಿಲ್ಲ. ಮೂರನೆಯ ದಿನ ಅವಳೇ ಮಾಡಿದಳು. “ಅಜ್ಜಿ, ತಮ್ಮನಿಗೆ ಐದು ತುಂಬುವವರೆಗೆ ಕಾಯ್ತೀನಿ. ಆದರೆ ಗೂಡು ಈಗಲೇ ತರಬಹುದಲ್ವಾ?”

ತರಬಹುದು ಮಾತ್ರವಲ್ಲ, ಅದೇ ಒಳ್ಳೆಯ ಕ್ರಮ. ಈಗ ಅವಳ ಕಪಾಟಿನ ಮೇಲೆ ಖಾಲಿ ಗೂಡು ಇದೆ. ಎರಡು ತುದಿಗೂ ಒಂದೊಂದು ಥರ್ಮಾಮೀಟರ್. ಬೆಳಿಗ್ಗೆ, ಸಂಜೆ ಓದಿ ನೋಟ್‌ಬುಕ್ಕಿನಲ್ಲಿ ಬರೆಯುತ್ತಾಳೆ. ಜನವರಿಯ ಚಳಿಯಲ್ಲಿ ತಂಪಿನ ತುದಿ 19 ಡಿಗ್ರಿಗೆ ಇಳಿದದ್ದು ಹೀಗೇ ಗೊತ್ತಾಯಿತು, ಗೂಡನ್ನು ಕಿಟಕಿಯಿಂದ ದೂರ ಸರಿಸಿದರು. ಹಲ್ಲಿ ಬಂದ ಮೇಲೆ ಗೊತ್ತಾಗಿದ್ದರೆ ನಡುಗುತ್ತಿದ್ದುದು ಹಲ್ಲಿ. ಅದೇ ನೋಟ್‌ಬುಕ್ಕಿನಲ್ಲಿ ಅವಳಪ್ಪನ ಸಹಿಯೂ ಇದೆ. ಈ ಹಲ್ಲಿ 15ರಿಂದ 20 ವರ್ಷ ಬದುಕುವಂಥದ್ದು. ಪುಟ್ಟಿ ಓದಲು ಬೇರೆ ಊರಿಗೆ ಹೋದರೆ ನೋಡಿಕೊಳ್ಳುವ ಹೊಣೆ ತನ್ನದೆಂದು ಅವನು ಬರೆದುಕೊಟ್ಟಿದ್ದಾನೆ.

ಇಲ್ಲಿರುವ ಮಕ್ಕಳಿಗೆ

ಇದನ್ನು ಓದಿ ಹಿತ್ತಿಲಿನ ಓತಿಕ್ಯಾತ, ಹಾವುರಾಣಿಗಳನ್ನು ಡಬ್ಬಿಗೆ ಹಾಕಲು ಹೋಗಬೇಡಿ. ಬಯಲಿನಲ್ಲಿ ಬೆಳೆದ ಜೀವ ಡಬ್ಬಿಯಲ್ಲಿ ಬಾಳುವುದಿಲ್ಲ. 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆಯೂ ನಮ್ಮ ಕಾಡುಜೀವಿಗಳನ್ನು ಕಾಯುತ್ತದೆ. ಉಡವಂತೂ ಹುಲಿಯ ಜೊತೆಗೆ ಅದರ ಒಂದನೇ ಅನುಸೂಚಿಯಲ್ಲೇ ಇದೆ. ಹಿಡಿದರೆ, ಸಾಕಿದರೆ ಶಿಕ್ಷೆ.

ನಮಗೆ ಗೂಡು ಯಾಕೆ ಬೇಕು? ಇವತ್ತು ರಾತ್ರಿ ಅಜ್ಜನನ್ನೋ ಅಜ್ಜಿಯನ್ನೋ ಕರೆದುಕೊಂಡು ಟ್ಯೂಬ್‌ಲೈಟ್ ಕೆಳಗೆ ಹತ್ತು ನಿಮಿಷ ಕೂತುಕೊಳ್ಳಿ. ಎಷ್ಟು ಹಲ್ಲಿ ಬಂದವು? ದೀಪದ ಹತ್ತಿರದ ಜಾಗ ಯಾರದು, ಯಾರು ಯಾರನ್ನು ಓಡಿಸಿದರು? ಹತ್ತು ನಿಮಿಷದಲ್ಲಿ ಎಷ್ಟು ಹುಳ ಹಿಡಿದವು? ಬಾಲ ಮೊಂಡಾಗಿರುವ ಹಲ್ಲಿ ಇದೆಯೇ? ಒಂದು ವಾರ ಬರೆದಿಡಿ. ಎಂಟನೆಯ ದಿನಕ್ಕೆ ನಿಮ್ಮ ಮನೆಯ ಹಲ್ಲಿಗಳನ್ನು ಒಂದೊಂದಾಗಿ ಗುರುತು ಹಿಡಿಯುತ್ತೀರಿ. ಅಜ್ಜಿ ‘ಕೃಷ್ಣ ಕೃಷ್ಣ’ ಎಂದರೆ, ಲೊಚಗುಟ್ಟಿದ್ದು ಯಾವುದೆಂದು ಹೇಳಿ ನೋಡಿ!